ಮಾಗಿಯ ಆವಿಗೆ

ವಾಚಕ ಸೋದರಿಯೊಬ್ಬರು ಬರೆದ ಕಾಗದವೊಂದು ಈ ತಿಂಗಳು ನಮ್ಮ ಮೇಜಿನ ಮೇಲಿದೆ. ಸಂಕ್ರಾಂತಿಯ ಪೊಂಗಲಿಗೆಂದು ಅವರು ಕೊಂಡುತಂದ ಹೊಸ ಮಡಕೆಯು, ಹಾಲು ಉಕ್ಕುವುದಕ್ಕೆ ಮೊದಲೇ, ಒಲೆಯ ಮೇಲೆ ಸೀಳಿಹೋಯಿತಂತೆ. ಹಬ್ಬದ ದಿನ ಮಡಕೆ ಒಡೆದುದು ಅಪಶಕುನವೆಂದು ಮನೆಯ ಹಿರಿಯರು ಮರುಗಿದರಂತೆ; ಕುಂಬಾರನು ಮೋಸಮಾಡಿದನೆಂದು ಯಜಮಾನರು ಸಿಟ್ಟಾದರಂತೆ. "ಚಳಿಗಾಲದಲ್ಲಿ ಸುಟ್ಟ ಮಡಕೆಗೆ ಆಯುಸ್ಸು ಕಡಮೆಯೆಂದು ನಮ್ಮ ಅತ್ತೆಯವರು ಹೇಳುವರು. ಇದು ದಿಟವೆ? ದಿಟವಾದರೆ ಕಾರಣವೇನು?" ಎಂದು ಆ ಸೋದರಿಯು ಕೇಳಿರುವರು.

ಇದರಲ್ಲಿ ಅಪಶಕುನವೇನೂ ಇಲ್ಲ. ಮೋಸವೆಂದು ಹೇಳುವುದಕ್ಕೂ ನಮಗೆ ಬಾಯಿ ಬಾರದು. ಅತ್ತೆಯವರ ಮಾತಿನಲ್ಲಿ ಮಾತ್ರ ಅರ್ಧ ದಿಟವುಂಟು. ಉಳಿದ ಅರ್ಧವು ಮಡಕೆ ಕೊಳ್ಳುವವರಾದ ನಮ್ಮ ನಿಮ್ಮ ಕಡೆಗೆ ಬೊಟ್ಟುಮಾಡುವುದು. ಇದನ್ನು ನಾವು ಗ್ರಂಥಗಳಿಂದ ಕಲಿತವರಲ್ಲ. ಒಂದು ಆವಿಗೆಯನ್ನು ಕೆಡಿಸಿ ಕಲಿತವರು. ಆದುದರಿಂದ ಉತ್ತರದೊಡನೆ ಒಂದು ತಪ್ಪೊಪ್ಪಿಗೆಯೂ ಸೇರಿಬರುವುದನ್ನು ವಾಚಕರು ಸಹಿಸಬೇಕೆಂದು ಬೇಡುವೆವು.

ಹೂಗ್ಯವು ಈಗಿನ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಗ್ರಾಮ. 1956ರಲ್ಲಿ ಕನ್ನಡ ಸೀಮೆಗಳು ಒಂದಾಗುವವರೆಗೂ ಈ ಪ್ರದೇಶವೆಲ್ಲ ಮದರಾಸಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಾಗಿದ್ದಿತು. ಕನ್ನಡವೂ ತಮಿಳೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ಸೀಮೆಯಿದು. ಹೊಸ ಮಡಕೆಯಲ್ಲಿ ಹಾಲುಕ್ಕಿಸುವ ಪೊಂಗಲಿನ ಸಂಪ್ರದಾಯವು ಇಲ್ಲಿಯ ಅನೇಕ ಮನೆಗಳಲ್ಲಿ ಇರುವುದು ಅದರಿಂದಲೇ. ಸುತ್ತಲೂ ಬೆಟ್ಟಗಳು, ಮಲೆಯ ಮಹದೇಶ್ವರನ ಕಾಡು. ಹಿಂಗಾರಿನ ಮಳೆಯು ಕಾರ್ತಿಕದವರೆಗೂ ಸುರಿದು ನಿಂತ ಮೇಲೆ ಮಾರ್ಗಶಿರದಲ್ಲಿ ಚಳಿ ಇಳಿಯತೊಡಗುವುದು. ಇರುಳೆಲ್ಲ ಇಬ್ಬನಿ, ಹೊತ್ತೇರುವವರೆಗೂ ಮಂಜು, ಈಶಾನ್ಯದಿಂದ ಬೀಸುವ ತಣ್ಣನೆಯ ಗಾಳಿ. ನೀರು ಹೆಪ್ಪುಗಟ್ಟುವಂತಹ ಚಳಿ ನಮ್ಮದಲ್ಲ. ಆದರೆ ಕುಂಬಾರನಿಗೆ ಈ ಚಳಿಯೇ ಸಾಲದೆ ಹೋಗದು.

ಏಕೆಂದರೆ ಕುಂಬಾರನ ಕಸುಬಿಗೆ ಅತ್ಯಂತ ಒಗ್ಗದ ಈ ಕಾಲದಲ್ಲಿಯೇ ಅವನ ಮನೆಯ ಬಾಗಿಲಿಗೆ ಜನರು ಬರುವರು. ಕಾರ್ತಿಕಕ್ಕೆ ಹಣತೆ ಬೇಕು, ಸಂಕ್ರಾಂತಿಗೆ ಮಡಕೆ ಬೇಕು. ಪುಷ್ಯ ಶುದ್ಧ ಹುಣ್ಣಿಮೆಯಿಂದ ಐದು ದಿನ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಭಕ್ತರು ಅಲ್ಲಿಯೇ ಅಡುಗೆ ಮಾಡಿ ಪಂಕ್ತಿಯಲ್ಲಿ ಕುಳಿತು ಉಣ್ಣುವರು. ಜಾತ್ರೆಯ ಮೊದಲ ಇರುಳು ಚಂದ್ರಮಂಡಲಕ್ಕೆ ಉರಿ ಹಚ್ಚಿದಾಗ, ಜ್ವಾಲೆಯು ಯಾವ ದಿಕ್ಕಿನಲ್ಲಿ ಚೆನ್ನಾಗಿ ಉರಿಯುವುದೋ ಆ ದಿಕ್ಕಿಗೆ ಮಳೆಬೆಳೆ ಸಮೃದ್ಧಿಯೆಂದು ಸೀಮೆಯ ಜನರು ನಂಬುವರು. ಮಾಗಿಯ ಇರುಳಿನಲ್ಲಿ ಉರಿಯ ಬಾಗನ್ನು ನೋಡುತ್ತ ನಿಲ್ಲುವುದು ಇಲ್ಲಿಯವರಿಗೆ ಹೊಸತಲ್ಲ. ಕುಂಬಾರನಾದರೋ ಜಾತ್ರೆಗೆ ಮುಂಚೆಯೇ ತನ್ನ ಹಿತ್ತಿಲಿನಲ್ಲಿ ಅದನ್ನು ನೋಡಿ ಮುಗಿಸಿರುವನು.

ನಾವು ಹೂಗ್ಯದ ಕಡೆಯ ಒಂದು ಶಾಲೆಗೆ ಉಪಾಧ್ಯಾಯರಾಗಿ ಹೋದಾಗ ನಮಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೈಸೂರಿನಲ್ಲಿ ತರ್ಕಸಂಗ್ರಹವನ್ನು ಓದಿ, ಘಟ ಪಟಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಹೋದವರು. ಆದರೆ ಘಟವೊಂದು ಹುಟ್ಟುವುದನ್ನು ಕಣ್ಣಾರೆ ಕಂಡವರಲ್ಲ. ಊರಂಚಿನಲ್ಲಿ ಕುಂಬಾರರ ಮನೆಯೊಂದಿದ್ದಿತು. ಮುದುಕ ತಂದೆ, ನಮ್ಮ ಪ್ರಾಯಕ್ಕಿಂತ ಚಿಕ್ಕವನಾದ ಮಗ, ಸೊಸೆ. ಸಂಜೆಯ ಹೊತ್ತು ಬೇಸರ ಕಳೆಯಲು ನಾವು ಅಲ್ಲಿಗೆ ಹೋಗಿ ಕುಳಿತುಕೊಳ್ಳುವುದು ವಾಡಿಕೆಯಾಯಿತು. ನಾವು ಮುದುಕನನ್ನು 'ಅಜ್ಜ' ಎಂದು ಕರೆಯುತ್ತಿದ್ದೆವು. ಅವನು ನಮ್ಮನ್ನು 'ಮೇಷ್ಟ್ರೇ' ಎನ್ನುತ್ತಿದ್ದನು.

ಅವರ ಆವಿಗೆಯು ಗೋಡೆ ಚಿಮಣಿಗಳಿಲ್ಲದ ಸಾದಾ ಆವಿಗೆ. ನೆಲದಲ್ಲಿ ಮೊಣಕಾಲುದ್ದದ ಗುಂಡಗಿನ ತಗ್ಗು; ಅದರಲ್ಲಿ ಬೆರಣಿ, ಸೌದೆಗಳ ಹಾಸು; ಅದರ ಮೇಲೆ ಬಾಯಿ ಕೆಳಗಾಗಿ ಜೋಡಿಸಿದ ಮಡಕೆಗಳು, ದೊಡ್ಡವು ಅಡಿಗೆ, ಚಿಕ್ಕವು ಮೇಲಕ್ಕೆ; ಸಂದುಗಳಲ್ಲಿ ಮತ್ತೆ ಬೆರಣಿ; ಎಲ್ಲದರ ಮೇಲೆ ಹುಲ್ಲು ಹೊದಿಸಿ, ಹುಲ್ಲಿನ ಮೇಲೆ ಕೆಸರು ಮೆತ್ತಿ, ಹೊಗೆ ಹೋಗಲು ಅಲ್ಲಲ್ಲಿ ಗಂಡಿಗಳನ್ನು ಬಿಡುವರು. ಇಷ್ಟು ಸರಳವಾದ ಈ ಏರ್ಪಾಡಿನಲ್ಲಿ ಮಡಕೆಯು ಸುಮಾರು 600ರಿಂದ 900 ಡಿಗ್ರಿಯವರೆಗಿನ ಕಾವನ್ನು ಕಾಣುವುದು. ಥರ್ಮಾಮೀಟರಿನ ಕೆಲಸವನ್ನು ಕುಂಬಾರನ ಕಣ್ಣೇ ಮಾಡುವುದು. ಗಂಡಿಯಲ್ಲಿ ಇಣುಕಿ, ಒಳಗಿನ ಕೆಂಪು ಯಾವ ಕೆಂಪೆಂದು ನೋಡಿ ಅವನು ಹೇಳಬಲ್ಲನು.

ಚಳಿಯು ಈ ಕೆಲಸವನ್ನು ಮೂರು ಎಡೆಗಳಲ್ಲಿ ಮುಟ್ಟುವುದು. ಮೊದಲನೆಯದು ಒಣಗಿಸುವುದರಲ್ಲಿ.

ತಿಗರಿಯಿಂದ ಇಳಿದ ಹಸಿ ಮಡಕೆಯ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ನೀರೇ ಇರುವುದು. ಈ ನೀರನ್ನು ಗಾಳಿಯು ಹೀರಿಕೊಳ್ಳಬೇಕು. 30 ಡಿಗ್ರಿಯ ಬೆಚ್ಚನೆಯ ಗಾಳಿಯು ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲುದು. 15 ಡಿಗ್ರಿಯ ಗಾಳಿಯು 13 ಗ್ರಾಮಿಗೇ ತುಂಬಿಹೋಗುವುದು. ಮಂಜು ಕವಿದ ಮುಂಜಾನೆಯೆಂದರೆ ಗಾಳಿಯ ಹೊಟ್ಟೆ ಆಗಲೇ ತುಂಬಿದೆಯೆಂದೇ ಅರ್ಥ. ಬೇಸಗೆಯಲ್ಲಿ ನಾಲ್ಕು ದಿನಕ್ಕೆ ಒಣಗುವ ಮಡಕೆಯು ಮಾಗಿಯಲ್ಲಿ ಹತ್ತು ದಿನ ಕೇಳುವುದು ಇದರಿಂದಲೇ. ಅದರಲ್ಲಿಯೂ ಒಂದು ವಂಚನೆಯುಂಟು. ಹಗಲಿನ ಬಿಸಿಲಿಗೆ ಮಡಕೆಯ ಹೊರಮೈ ಬೆಳ್ಳಗಾಗಿ ಒಣಗಿದಂತೆ ತೋರುವುದು. ದಪ್ಪವಾದ ತಳದೊಳಗೆ ತೇವ ಉಳಿದೇ ಇರುವುದು. ಅಜ್ಜನು ಮಡಕೆಯ ತಳವನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದನು. ತೇವವಿದ್ದರೆ ಅದು ಆವಿಯಾಗುತ್ತ ಮಣ್ಣನ್ನು ತಣ್ಣಗಿಡುವುದರಿಂದ ಕೆನ್ನೆಗೆ ತಂಪು ತಿಳಿಯುವುದು. ತಂಪಾದುದನ್ನು ಅವನು ಮಾತಿಲ್ಲದೆ ಮತ್ತೆ ಮನೆಯೊಳಗೆ, ಒಲೆಯ ಗೋಡೆಯ ಬಳಿ ಇಡುತ್ತಿದ್ದನು.

ಎರಡನೆಯದು ಉರಿ ಹಚ್ಚುವುದರಲ್ಲಿ. ಅಳಿದುಳಿದ ತೇವವುಳ್ಳ ಮಡಕೆಗೆ ಒಮ್ಮೆಗೇ ಬೆಂಕಿ ತಾಗಿದರೆ, 100 ಡಿಗ್ರಿಯಲ್ಲಿ ಆ ನೀರು ಆವಿಯಾಗುವುದು. ಒಂದು ಪಾಲು ನೀರು ಆವಿಯಾದಾಗ ಸುಮಾರು 1,700 ಪಾಲು ಜಾಗವನ್ನು ಬೇಡುವುದು. ಹೊರಬೀಳಲು ಸಾವಕಾಶ ಸಿಕ್ಕದ ಆವಿಯು ಮಡಕೆಯ ಗೋಡೆಯನ್ನು ಹಾರಿಸಿಕೊಂಡೇ ಹೋಗುವುದು. ಇನ್ನು ಸೌದೆಯ ಸಂಗತಿ. ಒಂದು ಗ್ರಾಂ ನೀರನ್ನು ಹೆಪ್ಪುಗಟ್ಟುವ ಮಟ್ಟದಿಂದ ಕುದಿಯುವ ಮಟ್ಟಕ್ಕೆ ತರಲು 100 ಕ್ಯಾಲೊರಿ ಸಾಕು. ಕುದಿಯುವ ಆ ನೀರನ್ನೇ ಆವಿಮಾಡಲು ಮತ್ತೆ 540 ಕ್ಯಾಲೊರಿ ಬೇಕು. ಹಸಿ ಸೌದೆಯು ತನ್ನ ಕಾವಿನ ಒಂದು ಪಾಲನ್ನು ತನ್ನ ನೀರಿಗೇ ತೆತ್ತು, ಮಡಕೆಗೆ ಹೊಗೆಯನ್ನೇ ಹೆಚ್ಚಾಗಿ ಕೊಡುವುದು. ಇಬ್ಬನಿ ನೆನೆಸಿದ ನೆಲವೂ ತನ್ನ ಪಾಲಿನ ಕಾವನ್ನು ಕಿತ್ತುಕೊಳ್ಳುವುದು. ಅದಕ್ಕಾಗಿ ಅಜ್ಜನು ಮಾಗಿಯಲ್ಲಿ ಆವಿಗೆ ಹಾಕುವ ಹಿಂದಿನ ದಿನ ತಗ್ಗಿನಲ್ಲಿ ತರಗೆಲೆ ಉರಿಸಿ ನೆಲವನ್ನು ಕಾಯಿಸುತ್ತಿದ್ದನು. ಬೇಸಗೆಯಲ್ಲಿ ಒಂದೆರಡು ಗಂಟೆ ಹೊಗೆ ಹಿಡಿಸಿದರೆ ಮಾಗಿಯಲ್ಲಿ ಒಂದು ಹಗಲೆಲ್ಲ ಹಿಡಿಸುತ್ತಿದ್ದನು. ಈಶಾನ್ಯದ ಕಡೆಗೆ ಬಿದಿರಿನ ತಟ್ಟಿ ಕಟ್ಟಿ ಗಾಳಿಯನ್ನು ತಡೆಯುತ್ತಿದ್ದನು. ತಟ್ಟಿಯಿಲ್ಲದಿದ್ದರೆ ಗಾಳಿ ತಾಗುವ ಮಗ್ಗುಲು ಬೇಗ ಉರಿದು, ಎದುರು ಮಗ್ಗುಲಿನ ಮಡಕೆಗಳು ಅರೆಬೆಂದು ಉಳಿಯುವುವು.

ನಾವು ಹೇಳುತ್ತಿರುವುದು 1994ರ ಜನವರಿಯ ಮಾತು. ಆ ವರ್ಷಗಳಲ್ಲಿ ಅಲ್ಲಿಯ ಕಾಡಿಗೆ ಹೋಗುವುದೇ ಪ್ರಾಣಭಯದ ಕೆಲಸವಾಗಿದ್ದಿತು. ವೀರಪ್ಪನ್ ಆ ಬೆಟ್ಟಗಳಲ್ಲಿ ಅಡಗಿದ್ದನು; 1992ರಲ್ಲಿ ಅವನ ಗುಂಪು ರಾಮಾಪುರದ ಪೊಲೀಸು ಠಾಣೆಯ ಮೇಲೆ ಬಿದ್ದು ಪೊಲೀಸರನ್ನು ಕೊಂದಿದ್ದಿತು. ಸೌದೆಗೆಂದು ಕಾಡಂಚಿಗೆ ಹೋದವನು ಎರಡು ಕಡೆಯವರ ಸಂಶಯಕ್ಕೂ ಗುರಿಯಾಗುತ್ತಿದ್ದನು. ಆದುದರಿಂದ ಕುಂಬಾರನ ಮನೆಯವರು ಆ ಸಲ ಬೇಲಿಯ ಕೊಂಬೆಗಳನ್ನೂ ಹೊಲದ ದಂಟುಗಳನ್ನೂ ಕೂಡಿಸಿದ್ದರು. ಅವೂ ಹಿಂಗಾರಿನಲ್ಲಿ ನೆನೆದು ಪೂರ್ತಿ ಒಣಗದವು. ಸಂಕ್ರಾಂತಿಗೆ ಆರು ದಿನ ಉಳಿದಿದ್ದಿತು. ಆವಿಗೆಯಲ್ಲಿ ಎಂಬತ್ತು ಮಡಕೆಗಳು; ಅವುಗಳ ನಡುವೆ ನಮ್ಮ ಶಾಲೆಯ ಮಕ್ಕಳ ಕುಡಿಯುವ ನೀರಿಗೆಂದು ನಾವು ಹೇಳಿದ್ದ ಎರಡು ದೊಡ್ಡ ಹರವಿಗಳು. ಮೇಲಧಿಕಾರಿಗಳು ಶಾಲೆಯ ತನಿಖೆಗೆ ಬರುವವರಿದ್ದರು. ಅವರ ಕಣ್ಣಿಗೆ ಬೀಳುವಂತೆ ಹೊಸ ಹರವಿಗಳನ್ನು ಜಗಲಿಯಲ್ಲಿಡಬೇಕೆಂಬುದು ನಮ್ಮ ಚಪಲ. ಅವಸರವೆಲ್ಲ ಅದಕ್ಕಾಗಿ.

ಉರಿ ಹಚ್ಚಿದ ಇರುಳು ನಾವೂ ಕಂಬಳಿ ಹೊದ್ದು ಅಜ್ಜನ ಬಳಿ ಕುಳಿತೆವು. ಅಮಾವಾಸ್ಯೆ ಸಮೀಪಿಸಿದ ಕತ್ತಲೆ. ನಡುನಡುವೆ ಆವಿಗೆಯೊಳಗಿನಿಂದ ಟಪ್ಪೆಂಬ ಸದ್ದು ಕೇಳಿಬರುತ್ತಿದ್ದಿತು. "ನೀರು ಮಾತಾಡ್ತಾ ಅದ ಮೇಷ್ಟ್ರೇ, ಎಲ್ಲೋ ಒಂದೆರಡು ಹೋದ್ವು" ಎಂದು ಅಜ್ಜನು ಗಂಡಿಯೊಂದಕ್ಕೆ ಕೆಸರು ಮೆತ್ತಿ ಉರಿಯನ್ನು ತಗ್ಗಿಸಿದನು. ಹೊತ್ತು ಕಳೆಯಲು ನಾವು ನಮ್ಮ ಪಾಂಡಿತ್ಯವನ್ನು ಬಿಚ್ಚಿದೆವು. ಹಸಿ ಮಡಕೆಯ ಕಪ್ಪು ಹೋಗಿ ಕೆಂಪು ಹೇಗೆ ಬರುವುದೆಂಬುದರ ಮೇಲೆ ನಮ್ಮ ದರ್ಶನಕಾರರಲ್ಲಿ ದೊಡ್ಡ ವಾದವೇ ನಡೆದಿದೆ. ಬೆಂಕಿಯ ತಾಕಿಗೆ ಮಡಕೆಯು ಪರಮಾಣುಗಳಾಗಿ ಬಿಚ್ಚಿಹೋಗಿ, ಬಿಡಿಬಿಡಿ ಪರಮಾಣುಗಳು ಬೆಂದು ಕೆಂಪಾಗಿ, ಮರಳಿ ಕೂಡಿ ಮಡಕೆಯಾಗುವುವೆಂದು ವೈಶೇಷಿಕರು ಹೇಳುವರು. ಇದು ಪೀಲುಪಾಕ, ಪೀಲುವೆಂದರೆ ಪರಮಾಣು. ಮಡಕೆಯು ಇದ್ದಂತೆಯೇ ಇದ್ದು, ಸೂಕ್ಷ್ಮರಂಧ್ರಗಳಿಂದ ಕಾವು ಒಳಹೊಕ್ಕು ಇಡಿಯಾಗಿಯೇ ಬೇಯುವುದೆಂದು ನೈಯಾಯಿಕರು ಹೇಳುವರು. ಇದು ಪಿಠರಪಾಕ, ಪಿಠರವೆಂದರೆ ಮಡಕೆ. ಅಜ್ಜನು ಎಲ್ಲವನ್ನೂ ಸಾವಧಾನವಾಗಿ ಕೇಳಿದನು. ಆಮೇಲೆ, "ಒಡ್ದು ತಿರ್ಗ ಕೂಡ್ಕೊಳ್ಳಂಗಿದ್ರ ನಾವ್ಯಾಕ ಅಳ್ತಿದ್ದೊ ಮೇಷ್ಟ್ರೇ?" ಎಂದನು.

ಆ ಒಂದು ಮಾತಿಗೆ ನಮ್ಮ ತರ್ಕವು ಬಾಯಿ ಮುಚ್ಚಿಕೊಂಡಿತು. ಆದರೂ ಎರಡು ಪಕ್ಷಗಳಲ್ಲಿಯೂ ಸ್ವಲ್ಪ ಸತ್ಯವಿದೆಯೆಂದು ಇಂದಿನ ರಸಾಯನಶಾಸ್ತ್ರದಿಂದ ತೋರುವುದು. 450ರಿಂದ 600 ಡಿಗ್ರಿಗಳ ನಡುವೆ ಮಣ್ಣಿನ ಕಣಗಳೊಳಗೇ ಬೆಸೆದುಕೊಂಡಿದ್ದ ನೀರು ಬಿಟ್ಟುಹೋಗಿ, ಕಣಗಳ ಒಳಗಿನ ಕಟ್ಟಡವೇ ಬದಲಾಗುವುದು. ಅಲ್ಲಿಂದ ಮುಂದೆ ಎಷ್ಟು ನೆನೆಸಿದರೂ ಆ ಮಣ್ಣು ಮತ್ತೆ ಕೆಸರಾಗದು. ಮಣ್ಣಿನಲ್ಲಿರುವ ಕಬ್ಬಿಣದ ಅಂಶಕ್ಕೆ ಗಾಳಿ ದೊರೆತರೆ ಮಡಕೆ ಕೆಂಪು. ಗಂಡಿ ಮುಚ್ಚಿ ಹೊಗೆ ಕೂಡಿಸಿದರೆ ಕಪ್ಪು. ಇಷ್ಟೆಲ್ಲ ನಡೆದರೂ ಮಡಕೆಯ ಆಕಾರವು ಅಲುಗದೆ ನಿಂತಿರುವುದು, ಅವಸರದವರು ಯಾರೂ ಹತ್ತಿರ ಬಾರದಿದ್ದರೆ.

ಈಗ ಮೂರನೆಯ ಎಡೆ: ಆರಿಸುವುದು. ವಾಚಕರು ಇದನ್ನು ಮುಖ್ಯವಾಗಿ ಗಮನಿಸಬೇಕು. ಬೆಂಕಿ ನಂದಿದೊಡನೆ ಆವಿಗೆಯ ಕೆಲಸ ಮುಗಿಯಿತೆಂದು ನಾವೆಲ್ಲರೂ ತಿಳಿಯುವೆವು, ಅದು ತಪ್ಪು. ಕಾದ ವಸ್ತುವು ಆರುವಾಗ ಕುಗ್ಗುವುದು. ಮಡಕೆಯ ಹೊರಮೈ ಒಮ್ಮೆಗೇ ತಣ್ಣಗಾಗಿ ಕುಗ್ಗಿ, ಒಳಮೈ ಇನ್ನೂ ಬಿಸಿಯಾಗಿ ಹಿಗ್ಗಿಯೇ ಇದ್ದರೆ, ಒಂದೇ ಗೋಡೆಯ ಎರಡು ಮೈಗಳು ಎರಡು ಕಡೆಗೆ ಎಳೆದಾಡಿ ಸೀಳುವುವು. ಅಲ್ಲದೆ ಮಣ್ಣಿನಲ್ಲಿ ಬೆರೆತಿರುವ ಮರಳಿನ ಕಣಗಳು 573 ಡಿಗ್ರಿಯ ಬಳಿ ತಟ್ಟನೆ ತಮ್ಮ ಅಳತೆಯನ್ನು ಬದಲಿಸುವುವು. ಕಾವು ಏರುವಾಗ ಹಿಗ್ಗುವುವು, ಇಳಿಯುವಾಗ ಕುಗ್ಗುವುವು. ಆ ಮಟ್ಟವನ್ನು ಮೆಲ್ಲಗೆ ದಾಟಬೇಕು. ಮೇಲೆ ಮೆತ್ತಿದ ಕೆಸರು, ಅದರಡಿಯ ಬೂದಿ, ಇವು ಆವಿಗೆಗೆ ಕಂಬಳಿ. ಹೊರಗಿನ ಗಾಳಿ ತಣ್ಣಗಿದ್ದಷ್ಟೂ ಕಂಬಳಿಯನ್ನು ತಡವಾಗಿ ತೆಗೆಯಬೇಕು. ಬೇಸಗೆಯಲ್ಲಿ ಮರುದಿನವೇ ಆವಿಗೆ ಬಿಚ್ಚುವ ಅಜ್ಜನು ಮಾಗಿಯಲ್ಲಿ ಇನ್ನೂ ಒಂದು ಹಗಲು ಒಂದು ಇರುಳು ಅದರ ಹತ್ತಿರ ಕೋಳಿಯನ್ನೂ ಬಿಡುತ್ತಿರಲಿಲ್ಲ.

ಮರುದಿನ ಬೆಳಗಿನ ಜಾವಕ್ಕೆ ನಾವು ಎದ್ದು ಹೋದೆವು. ಮಂಜು ಇನ್ನೂ ಕರಗಿರಲಿಲ್ಲ. ಅಜ್ಜನು ಹಸುವನ್ನು ಹೊಡೆದುಕೊಂಡು ಹೊಲದ ಕಡೆಗೆ ಹೋಗಿದ್ದನು, ಮಗನೊಬ್ಬನೇ ಇದ್ದನು. "ಏನಪ್ಪಾ, ಉರಿ ಆರಿ ಎಷ್ಟೋ ಹೊತ್ತಾಯಿತಲ್ಲ, ಶಾಲೆಯ ಹರವಿಗಳನ್ನಾದರೂ ತೆಗೆದುಕೊಡಬಾರದೆ?" ಎಂದೆವು. ಅವನು ತಲೆ ಕೆರೆದುಕೊಂಡು, "ಅಪ್ಪ ಬರ್ಲಿ ಮೇಷ್ಟ್ರೇ" ಎಂದನು. ನಾವು ಮತ್ತೊಮ್ಮೆ ಹೇಳಿದೆವು. ಮೂರನೆಯ ಸಲ, ಮೇಲಧಿಕಾರಿಗಳ ಹೆಸರನ್ನೂ ಎತ್ತಿದೆವು. ತನ್ನ ಮಗುವಿಗೆ ಅಕ್ಷರ ಕಲಿಸುವ ಉಪಾಧ್ಯಾಯರ ಮಾತನ್ನು ಆ ಹುಡುಗನು ಎಷ್ಟು ಸಲ ಮೀರಿಯಾನು? ಗಾಳಿಯ ಕಡೆಯ ತಟ್ಟಿಯನ್ನು ಸರಿಸಿ, ಕೆಸರಿನ ಹೊದಿಕೆಯನ್ನು ಕೋಲಿನಿಂದ ಕಿತ್ತನು. ತಣ್ಣನೆಯ ಗಾಳಿಯು ಒಳನುಗ್ಗಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ, ಬಳೆಯೊಂದು ಕಲ್ಲಿಗೆ ತಾಗಿದಂತಹ ಸಣ್ಣ ದನಿ. ಮತ್ತೊಂದು. ಅನಂತರ ಒಂದರ ಹಿಂದೊಂದು. ಉರಿಯಲ್ಲಿ ಒಡೆಯುವ ಮಡಕೆ ಸಿಡಿಯುವುದು. ಚಳಿಗೆ ಒಡೆಯುವ ಮಡಕೆ ಹೀಗೆ ಮೆಲ್ಲನೆ ನುಡಿಯುವುದು. ಹುಡುಗನು ಗೋಣಿಗಳನ್ನು ತಂದು ಮುಚ್ಚಿದನು. ಸೊಸೆಯು ಬೂದಿಯನ್ನು ಮೊರದಲ್ಲಿ ತುಂಬಿ ತಂದು ಸುರಿದಳು. ನಾವು ಕೈಕಟ್ಟಿಕೊಂಡು ನಿಂತಿದ್ದೆವು. ಅಜ್ಜನು ಬಂದು ನೋಡಿದನು. ಮಗನನ್ನು ಬಯ್ಯಲಿಲ್ಲ, ನಮ್ಮನ್ನಂತೂ ಏನೂ ಕೇಳಲಿಲ್ಲ. ಮರುದಿನ ಆವಿಗೆ ಬಿಚ್ಚಿ ಒಂದೊಂದನ್ನೂ ಬೆರಳಗೆಣ್ಣಿನಿಂದ ಬಡಿದು ನೋಡಿದಾಗ ಎಂಬತ್ತರಲ್ಲಿ ಮೂವತ್ತೊಂದಕ್ಕೆ ದನಿಯಿರಲಿಲ್ಲ. ಗಾಳಿಗೆ ದೂರದಲ್ಲಿ, ಅಡಿಯಲ್ಲಿ ಇದ್ದುದರಿಂದ ನಮ್ಮ ಹರವಿಗಳಲ್ಲಿ ಒಂದು ಉಳಿದುಕೊಂಡಿತು.

ನಾವು ಎರಡು ಹರವಿಗಳಿಗೂ ಹಣ ಕೊಡಹೋದೆವು. ಒಡೆದ ಮಡಕೆಗಳ ಲೆಕ್ಕವನ್ನೂ ಹೇಗೋ ಎತ್ತಲು ನೋಡಿದೆವು. ಅಜ್ಜನು ಒಂದರ ಹಣವನ್ನು ಮಾತ್ರ ಎಣಿಸಿಕೊಂಡು, ಉಳಿದುದನ್ನು ನಮ್ಮ ಅಂಗೈಯಲ್ಲಿಟ್ಟನು. "ದನಿ ಇರೋದ್ಕ ಕೊಡಿ, ದನಿ ಇಲ್ದವ್ಕ ಬ್ಯಾಡ." ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, "ಚಳಿ ಏನೂ ಮಾಡಲ್ಲ ಮೇಷ್ಟ್ರೇ. ಚಳೀಲಿ ಗೇಯೋರ್ಗ ಅವಸರ ಹತ್ತದಲ್ಲ, ಅದು ಮಾಡ್ತದ" ಎಂದನು. ಆ ಸಂಕ್ರಾಂತಿಗೆ ಅವರ ಮನೆಯ ಮಡಕೆಗಳನ್ನು ನಂಬಿದ್ದ ಮೂವತ್ತು ಒಲೆಗಳಿಗೆ ಬೇರೆ ಕಡೆಯಿಂದ ಮಡಕೆ ಬಂದಿತು. ಆ ಮನೆಯವರ ಒಂದು ತಿಂಗಳ ದುಡಿಮೆಯ ದೊಡ್ಡದೊಂದು ಪಾಲು ಹಿತ್ತಿಲಿನ ಬೋಕಿಯ ಗುಡ್ಡೆಯನ್ನು ಸೇರಿತು.

ಚಳಿಯು ಕುಂಬಾರನಿಗೆ ಶತ್ರುವಲ್ಲವೆಂಬುದಕ್ಕೆ ದೂರದೇಶಗಳಲ್ಲಿಯೂ ನಿದರ್ಶನವುಂಟು. ನೀರು ಹೆಪ್ಪುಗಟ್ಟುವಾಗ ತನ್ನ ಗಾತ್ರದಲ್ಲಿ ನೂರಕ್ಕೆ ಸುಮಾರು 9 ಪಾಲು ಹಿಗ್ಗುವುದು. ಇಂಗ್ಲೆಂಡಿನ ಇಟ್ಟಿಗೆ ಮಾಡುವವರು ಹಿಂದಿನ ಕಾಲದಲ್ಲಿ ಮಣ್ಣನ್ನು ಶರತ್ಕಾಲದಲ್ಲಿ ಅಗೆದು ಬಯಲಿನಲ್ಲಿ ರಾಶಿಹಾಕಿಬಿಡುತ್ತಿದ್ದರು. ಚಳಿಗಾಲದ ಹಿಮವು ಹೆಂಟೆಗಳನ್ನು ಒಳಗಿನಿಂದಲೇ ಒಡೆದು ನುಣುಪು ಮಾಡುತ್ತಿದ್ದಿತು. ಇಟ್ಟಿಗೆ ಕೊಯ್ಯುವುದು ವಸಂತ ಬಂದ ಮೇಲೆ. ಯಾವ ಚಳಿಯು ಹಸಿ ಇಟ್ಟಿಗೆಯನ್ನು ಪುಡಿಮಾಡುವುದೋ ಅದೇ ಚಳಿಯಿಂದ ಅವರು ಕೆಲಸ ತೆಗೆದುಕೊಂಡರು, ಕಾಯಲು ಒಪ್ಪಿದುದರಿಂದ. ನಮ್ಮ ನಾಡಿನಲ್ಲಿಯೇ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ, ಖಾದಿ ಗ್ರಾಮೋದ್ಯೋಗ ಆಯೋಗಕ್ಕೆ ಸೇರಿದ ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆಯೊಂದಿದೆ. ಚಿಮಣಿಯುಳ್ಳ ಆವಿಗೆಗಳಲ್ಲಿ ಸುಡುವವರು ನೆನಪಿಡಬೇಕಾದ ಅಂಶವೊಂದುಂಟು: ಹೊರಗಿನ ಗಾಳಿ ತಣ್ಣಗಾಗಿ ಭಾರವಾದಷ್ಟೂ ಚಿಮಣಿಯ ಸೆಳೆತ ಹೆಚ್ಚುವುದು. ಅಲ್ಲಿಯೂ ಮಾಗಿಯಲ್ಲಿ ಬೇಕಾದುದು ಹೆಚ್ಚು ಉರಿಯಲ್ಲ, ಹೆಚ್ಚು ತಾಳ್ಮೆ.

ಇನ್ನು ಕಾಗದ ಬರೆದ ಸೋದರಿಯ ಮಡಕೆಗೆ ಬರುವೆವು. ಕೊಳ್ಳುವಾಗಲೇ ಅದರಲ್ಲಿ ಕಣ್ಣಿಗೆ ಕಾಣದ ಸೀಳು ಇದ್ದಿರಬಹುದು. ಇಲ್ಲವೆ, ಹಬ್ಬದ ಮುಂಜಾನೆ ತಣ್ಣೀರಿನಲ್ಲಿ ತೊಳೆದು, ಆ ಒದ್ದೆಯಲ್ಲಿಯೇ ಧಗಧಗನೆ ಉರಿಯುವ ಒಲೆಯ ಮೇಲೆ ಇಟ್ಟಿರಬಹುದು. ಆವಿಗೆಯ ನಿಯಮವೇ ಅಡುಗೆಮನೆಯ ನಿಯಮ. ಹೊಸ ಮಡಕೆಯನ್ನು ಕೊಳ್ಳುವಾಗ ಎಡಗೈಯಲ್ಲಿ ಎತ್ತಿಹಿಡಿದು ಬೆರಳಗೆಣ್ಣಿನಿಂದ ಬಡಿದು ನೋಡಿರಿ. ದನಿಯು ಗಂಟೆಯಂತೆ ತಿಳಿಯಾಗಿದ್ದರೆ ಕೊಳ್ಳಬಹುದು, ಮಂಕಾಗಿದ್ದರೆ ಬಿಡಿರಿ. ತಂದ ದಿನವೇ ಒಲೆಗೆ ಏರಿಸದೆ ಒಂದು ದಿನ ನೀರಿನಲ್ಲಿ ನೆನೆಹಾಕಿ, ತೆಗೆದು ನೆರಳಿನಲ್ಲಿ ಆರಿಸಿರಿ. ಆಮೇಲೆ ಅಕ್ಕಚ್ಚನ್ನು ತುಂಬಿ ಸಣ್ಣ ಉರಿಯಲ್ಲಿ ಮೆಲ್ಲಗೆ ಕಾಯಿಸಿರಿ. ಅಕ್ಕಿಯ ಹಿಟ್ಟಿನಂಶವು ಸೂಕ್ಷ್ಮರಂಧ್ರಗಳನ್ನು ತುಂಬುವುದು. ಕುದಿದ ಮೇಲೆ ಒಲೆಯ ಮೇಲೆಯೇ ಆರಲು ಬಿಡಿರಿ. ಈಗ ಅನೇಕ ಮನೆಗಳಲ್ಲಿ ಗ್ಯಾಸಿನ ಒಲೆ. ಅದರ ಉರಿಯು ಒಂದೇ ಕಡೆಗೆ ತೀಕ್ಷ್ಣವಾಗಿ ತಾಗುವುದರಿಂದ ಮೊದಲ ಹತ್ತು ನಿಮಿಷ ಅತಿ ಸಣ್ಣಗಿಡಬೇಕು. ಬಿಸಿ ಮಡಕೆಯನ್ನು ಮಾಗಿಯ ತಣ್ಣನೆಯ ಕಲ್ಲುನೆಲದ ಮೇಲೆ ಇಳಿಸದೆ ಹುಲ್ಲಿನ ಸಿಂಬೆಯ ಮೇಲಿಡಿರಿ. ಬಿಸಿ ಮಡಕೆಗೆ ತಣ್ಣೀರು ಹೊಯ್ಯಬೇಡಿರಿ. ಹಿಂದಿನವರ ಮನೆಗಳಲ್ಲಿ ಒಂದೇ ಮಡಕೆ ವರ್ಷಗಟ್ಟಲೆ ಬಾಳುತ್ತಿದ್ದುದು ಈ ಎಚ್ಚರಗಳಿಂದಲೇ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಸಂಕ್ರಾಂತಿಗೆ ಬೇಕಾದ ಮಡಕೆಯನ್ನು ಕಾರ್ತಿಕದಲ್ಲಿಯೇ ಹೇಳಿರಿ. ಅರ್ಧ ಹಣವನ್ನು ಆಗಲೇ ಕೊಡಿರಿ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಹೋಗಿ "ಆಯಿತೆ, ಆಯಿತೆ" ಎಂದು ಬಾಗಿಲಲ್ಲಿ ನಿಲ್ಲುವವರು ತಮ್ಮ ಮಡಕೆಯ ಸೀಳನ್ನು ತಾವೇ ಹೇಳಿ ಮಾಡಿಸಿಕೊಂಡಂತೆ. ಕೊಳ್ಳುವವರು ಕೊಡುವ ಆ ಹತ್ತು ದಿನದ ಬಿಡುವು ಮಡಕೆಯ ಗೋಡೆಯೊಳಗೆ ಬಲವಾಗಿ ಕೂಡುವುದು.

ಹೋದ ವರ್ಷ ಕೆಲಸದಿಂದ ನಿವೃತ್ತರಾದ ಮೇಲೆ ನಾವು ಹೂಗ್ಯದ ಕಡೆಗೆ ಹೋಗಿದ್ದೆವು. ಅಜ್ಜನು ಕಾಲವಾಗಿ ಬಹಳ ವರ್ಷಗಳಾದುವು. ಮಗನಿಗೆ ಈಗ ಐವತ್ತು ದಾಟಿದೆ, ತಲೆ ನರೆತಿದೆ. ಸುತ್ತಲ ಕಾಡು 2013ರಿಂದ ವನ್ಯಜೀವಿಧಾಮವಾಗಿರುವುದರಿಂದ ಕಾಡಿನ ಸೌದೆಯ ಮಾತೇ ಇಲ್ಲ. ತೆಂಗಿನ ಗರಿ, ಮಟ್ಟೆ, ಮೆಕ್ಕೆಜೋಳದ ದಂಟುಗಳಿಂದಲೇ ಸುಡುವನು. ವರ್ಷಕ್ಕೆ ಎರಡು ಆವಿಗೆ: ಕಾರ್ತಿಕಕ್ಕೊಂದು, ಸಂಕ್ರಾಂತಿಗೊಂದು. ಮನೆಯಲ್ಲಿ ವಿದ್ಯುತ್ತಿನ ತಿಗರಿಯೊಂದು ಬಂದಿದೆ. 2018ರಿಂದ ಖಾದಿ ಗ್ರಾಮೋದ್ಯೋಗ ಆಯೋಗದವರು ದೇಶದಲ್ಲೆಲ್ಲ ಇಂತಹ ತಿಗರಿಗಳನ್ನು ಹಂಚುತ್ತ ಬಂದಿರುವುದನ್ನು ವಾಚಕರು ಬಲ್ಲರು. "ತಿಗರಿ ಜೋರಾಯ್ತು ಮೇಷ್ಟ್ರೇ, ಮಣ್ಣು ಒಣಗೋದು ಮಾತ್ರ ಅಪ್ಪನ ಕಾಲದಂಗೇ ಅದ" ಎಂದು ನಕ್ಕನು.

ಹಳೆಯ ಬೆಳಗನ್ನು ಅವನು ಮರೆತಿರಲಿಲ್ಲ. ನಾವು ಕ್ಷಮೆ ಕೇಳಿದೆವು. ಅವನು ನಾಚಿಕೊಂಡು ಮಾತು ತಿರುಗಿಸಿ, ಒಳಗಿನಿಂದ ಮಡಕೆಯೊಂದನ್ನು ತಂದು ನಮ್ಮ ಮುಂದಿಟ್ಟನು. ನಾವು ಬಡಿದು ನೋಡಿದೆವು, ದನಿ ತಿಳಿಯಾಗಿದ್ದಿತು. ಹಣ ಕೊಟ್ಟೆವು, ತೆಗೆದುಕೊಂಡನು. ಮುಂದಿನ ಸಂಕ್ರಾಂತಿಯ ಎರಡು ಮಡಕೆಗಳಿಗೂ ಆಗಲೇ ಮುಂಗಡ ಕೊಟ್ಟು, "ಯಾವಾಗ ಬರಲಿ?" ಎಂದು ಕೇಳಿದೆವು.

"ನಾ ಹೇಳಿ ಕಳುಸ್ತೀನಿ, ಆಗ ಬನ್ನಿ" ಎಂದನು. ಈ ಸಲ ಅವನು ಹೇಳಿ ಕಳುಹಿಸುವವರೆಗೂ ನಾವು ಆ ಕಡೆಗೆ ಹೋಗಲಿಲ್ಲ.